ಅರಗಿನ ಹೊಳಪು, ಪರದೆಯ ಬೆಳಕು

ಹಳೆಯ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಚನ್ನಪಟ್ಟಣ ಹತ್ತಿರವಾಗುತ್ತಿದ್ದಂತೆ ರಸ್ತೆಯ ಬಣ್ಣವೇ ಬದಲಾಗುತ್ತಿತ್ತು. ಅಂಗಡಿಗಳ ಮುಂದೆ ಸಾಲಾಗಿ ನಿಂತ ಮರದ ಕುದುರೆಗಳು, ಹಳದಿ ಕೆಂಪಿನ ರೈಲು ಡಬ್ಬಿಗಳು, ಕತ್ತು ಅಲ್ಲಾಡಿಸುವ ಗೊಂಬೆಗಳು, ಬಾಗಿಲಿಗೆ ತೂಗಿಬಿಟ್ಟ ಮಣಿಸರಗಳು. ಮೈಸೂರಿಗೆ ಹೊರಟ ಕುಟುಂಬ ಕಾಫಿಗೆಂದು ಕಾರು ನಿಲ್ಲಿಸಿದರೆ ಹಿಂದಿನ ಸೀಟಿನ ಮಗು ಎಲ್ಲರಿಗಿಂತ ಮೊದಲು ಇಳಿದು ಕುದುರೆ ಏರುತ್ತಿತ್ತು. ಒಮ್ಮೆ ಏರಿದ ಮಗು ಇಳಿಯಲೊಲ್ಲದೆ ಹಟ ಹಿಡಿದರೆ ವ್ಯಾಪಾರ ಕುದುರಿತೆಂದೇ ಲೆಕ್ಕ. ಇದಕ್ಕಿಂತ ಒಳ್ಳೆಯ ಜಾಹೀರಾತನ್ನು ಯಾರೂ ಬರೆದುಕೊಡಬೇಕಿರಲಿಲ್ಲ.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. 118 ಕಿಲೋಮೀಟರ್ ಉದ್ದದ ಈ ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಪಕ್ಕದಲ್ಲೇ ಹಾದರೂ ಊರೊಳಗೆ ಕಾಲಿಡುವುದಿಲ್ಲ. ಪ್ರಯಾಣದ ಹೊತ್ತು ಅರ್ಧಕ್ಕಿಳಿಯಿತು. ಹಳೆಯ ರಸ್ತೆಯನ್ನೇ ನಂಬಿದ್ದ ಬೊಂಬೆ ಅಂಗಡಿ, ಹೋಟೆಲು, ಎಳನೀರಿನ ಗಾಡಿಗಳ ಗಿರಾಕಿಯೂ ಇಳಿಯಿತು. ದಾರಿಹೋಕರನ್ನು ಕಣ್ಣಿನಿಂದಲೇ ಕರೆಯುತ್ತಿದ್ದ ಸರಕು ಈಗ ಕಾಣದ ಗಿರಾಕಿಯನ್ನು ಫೋನಿನ ಪರದೆಯ ಮೇಲೆ ಕರೆಯಬೇಕಾಗಿದೆ.

ಡಿಜಿಟಲ್ ಮಾರ್ಕೆಟಿಂಗ್, ಇಂಟರಾಕ್ಟಿವ್ ಡಿಸೈನ್ ಎಂದರೆ ಬೆಂಗಳೂರಿನ ಕೋರಮಂಗಲದ ಗಾಜಿನ ಕಚೇರಿಗಳೇ ಕಣ್ಣಿಗೆ ಕಟ್ಟುತ್ತವೆ. ಆದರೆ ಆ ಮಾತುಗಳಿಗೆ ಏನು ಅರ್ಥವಿದೆ ಎಂದು ನೋಡಬೇಕಾದರೆ ಅಲ್ಲಿಂದ ಒಂದೂವರೆ ಗಂಟೆ ದೂರದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಗೆ ಬರಬೇಕು. ಇಲ್ಲಿ ಮಾರುವುದು ಮರ, ರೇಷ್ಮೆ ಗೂಡು, ಬಂಡೆಬೆಟ್ಟಗಳ ನೋಟ. ಇವೆಲ್ಲ ಕೈಗೆ, ಕಣ್ಣಿಗೆ, ಕಾಲಿಗೆ ಸಿಗಬೇಕಾದವು. ಅವನ್ನು ಪರದೆಗೆ ತರುವಾಗ ಏನು ಉಳಿಯುತ್ತದೆ, ಏನು ಸೋರಿಹೋಗುತ್ತದೆ ಎಂಬುದರ ಮೇಲೆಯೇ ಆ ಕೆಲಸ ಒಳ್ಳೆಯದೋ ಅಲ್ಲವೋ ಎಂದು ಹೇಳಬಹುದು.

ಹದಿನೈದು ಸೆಕೆಂಡಿನಲ್ಲಿ ಕಾಣುವ ಕಸುಬು

ಚನ್ನಪಟ್ಟಣದ ಬೊಂಬೆ ಕ್ಯಾಮೆರಾಕ್ಕೆ ಒಲಿಯುವುದಕ್ಕೆ ಕಾರಣವಿದೆ. ಅದಕ್ಕೆ ಬಣ್ಣ ಹಚ್ಚುವ ಗಳಿಗೆಯೇ ಒಂದು ನೋಟ.

ಎರಡು ಮೂರು ತಿಂಗಳು ಒಣಗಿಸಿದ ಆಲೆ ಮರದ ತುಂಡನ್ನು ಲೇತ್‌ಗೆ ಬಿಗಿದು ತಿರುಗಿಸುತ್ತಾರೆ. ಉಳಿ ತಾಗಿದಲ್ಲೆಲ್ಲ ಬೆಳ್ಳನೆಯ ಹೊಟ್ಟು ಸುರುಳಿಯಾಗಿ ಹಾರುತ್ತದೆ. ಆಲೆ ಮರ ದಂತದಂಥ ನಸುಬಿಳುಪು, ಎಳೆ ನುಣುಪು, ತೂಕ ಹಗುರ. ಉಳಿಗೆ ಮಾತು ಕೇಳುವ ಮರ. ಆಕಾರ ಬಂದ ಮೇಲೆ ಉಜ್ಜುಕಾಗದದಿಂದ ನಯ ಮಾಡಿ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಬೆಂಕಿಯಿಲ್ಲ, ಕುಂಚವಿಲ್ಲ. ತಿಕ್ಕಾಟದ ಶಾಖಕ್ಕೇ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಮೊದಲು ಮಬ್ಬಾಗಿ, ತೇಪೆ ತೇಪೆಯಾಗಿ ಕಾಣುವ ಬಣ್ಣದ ಮೇಲೆ ಮಡಿಚಿದ ತಾಳೆಗರಿಯನ್ನು ಅದುಮಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಹರಡಿ ಕನ್ನಡಿಯಂತೆ ಹೊಳೆಯತೊಡಗುತ್ತದೆ.

ರೀಲ್ಸ್ ಮಾಡುವವರು ಹುಡುಕುವುದು ಇಂಥ ಒಂದು ತಿರುವನ್ನೇ. ಹದಿನೈದು ಸೆಕೆಂಡಿನೊಳಗೆ ಒಣಮರ ಹೊಳೆಯುವ ಬೊಂಬೆಯಾಗುತ್ತದೆ. ಬೆರಳು ಮುಂದಕ್ಕೆ ಸರಿಯದೆ ನಿಲ್ಲುತ್ತದೆ. ಹಿಂದೆಲ್ಲ ಇದನ್ನು ನೋಡಲು ಕಾರ್ಖಾನೆಗೇ ಹೋಗಬೇಕಿತ್ತು. ಈಗ ಕುಶಲಕರ್ಮಿಯ ಮನೆಯ ಹುಡುಗನೋ ಹುಡುಗಿಯೋ ಫೋನನ್ನು ಲೇತ್ ಎದುರು ನಿಲ್ಲಿಸಿದರೆ ಸಾಕು.

ಆದರೆ ಆ ಹದಿನೈದು ಸೆಕೆಂಡು ತೋರಿಸದ್ದು ಬಹಳವಿದೆ. ಮರ ಒಣಗಲು ಹಿಡಿದ ತಿಂಗಳುಗಳನ್ನು, ಹೊಟ್ಟಿನ ಧೂಳನ್ನು, ಅರಿಶಿನ, ನೀಲಿ, ಕಾಚಿನಂಥ ಸಸ್ಯಮೂಲದ ಬಣ್ಣ ಒಂದು ಕಂತಿನಿಂದ ಮತ್ತೊಂದಕ್ಕೆ ಚೂರು ಬೇರೆಯಾಗುವುದನ್ನು ಅದು ಹೇಳುವುದಿಲ್ಲ. ಹೇಳಬೇಕು. ಯಾಕೆಂದರೆ ಪರದೆಯಲ್ಲಿ ಕಂಡ ಹಳದಿಯೇ ಬರಲಿಲ್ಲವೆಂದು ಪೊಟ್ಟಣ ಹಿಂದಿರುಗಿದರೆ ನಷ್ಟ ಬೀಳುವುದು ಮಾಡಿದವರ ಮೇಲೆಯೇ. ಬಣ್ಣ ಬೇರೆಯಾಗುವುದು ಕೈಕೆಲಸದ ಲಕ್ಷಣವೆಂದು ಮೊದಲೇ, ಚಿತ್ರದ ಪಕ್ಕದಲ್ಲೇ ತಿಳಿಸುವ ಒಂದು ಸಾಲು ದೊಡ್ಡ ಪ್ರಚಾರದಷ್ಟೇ ಕೆಲಸ ಮಾಡುತ್ತದೆ. ಬೊಂಬೆಯ ಪಕ್ಕ ಮಗುವಿನ ಅಂಗೈ ಇರುವ ಒಂದು ಚಿತ್ರ, ಅಳತೆಯ ಪಟ್ಟಿಗಿಂತ ಚೆನ್ನಾಗಿ ಗಾತ್ರ ಹೇಳುತ್ತದೆ. ಇಂಟರಾಕ್ಟಿವ್ ಡಿಸೈನ್ ಎಂಬ ಭಾರದ ಹೆಸರಿನ ಹಿಂದೆ ಇರುವುದು ಬಹುಮಟ್ಟಿಗೆ ಇಂಥ ಸಣ್ಣ ಕಾಳಜಿಗಳೇ.

ಮೊದಲು ವಿನ್ಯಾಸ, ಆಮೇಲೆ ಪ್ರಚಾರ

ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಿಗರಿಂದ ಈ ಕಲೆ ಇಲ್ಲಿಗೆ ಬಂತೆಂದು ಊರು ಹೇಳುತ್ತದೆ. 20ನೇ ಶತಮಾನದ ಆರಂಭದಲ್ಲಿ ಬವಾಸ್ ಮಿಯಾನ್ ಜಪಾನಿನ ಬೊಂಬೆ ತಯಾರಿಯ ತಂತ್ರವನ್ನು ಇಲ್ಲಿನವರಿಗೆ ಕಲಿಸಿದರೆಂದು ಅವರನ್ನು ಚನ್ನಪಟ್ಟಣದ ಬೊಂಬೆಯ ಪಿತಾಮಹನೆಂದೇ ಸ್ಮರಿಸಲಾಗುತ್ತದೆ. ಅಂದರೆ ಪರಂಪರೆ ಎಂದು ನಾವು ಕರೆಯುವ ಈ ಕಸುಬು ಹೊರಗಿನದನ್ನು ಕಲಿತು ತನ್ನದಾಗಿಸಿಕೊಂಡೇ ಬೆಳೆದದ್ದು. ಡಿಜಿಟಲ್ ಕಾಲ ಅದಕ್ಕೆ ಮೊದಲ ಪರೀಕ್ಷೆಯಲ್ಲ.

ಅದರ ಕಠಿಣ ಪರೀಕ್ಷೆ ಬಂದದ್ದು ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಮಾರುಕಟ್ಟೆ ತುಂಬಿದಾಗ. ಆಗ ಕಸುಬನ್ನು ಹಿಡಿದು ನಿಲ್ಲಿಸಿದವರಲ್ಲಿ ವಿನ್ಯಾಸಕಾರರ ಪಾಲು ದೊಡ್ಡದು. ಅತುಲ್ ಜೋಹ್ರಿ ಇಲ್ಲಿನ ಕುಶಲಕರ್ಮಿಗಳೊಡನೆ ದಶಕಗಳ ಕಾಲ ಕೆಲಸ ಮಾಡಿ, ಅರಗಿನ ಕೆಲಸವನ್ನು ಬೊಂಬೆಯಾಚೆಗೆ, ಮನೆಬಳಕೆಯ ಪಾತ್ರೆ, ಡಬ್ಬಿ, ಬಟ್ಟಲುಗಳತ್ತ ಕೊಂಡೊಯ್ದರು. ಮಾಯಾ ಆರ್ಗ್ಯಾನಿಕ್ ಸಂಸ್ಥೆ ಕುಶಲಕರ್ಮಿಗಳನ್ನು ಸಂಘಟಿಸಿ, ವಿದೇಶಿ ಪೋಷಕರು ಒಪ್ಪುವ ಸುರಕ್ಷಿತ ಆಟಿಕೆಗಳನ್ನು ರೂಪಿಸಿತು. 2011ರಲ್ಲಿ ಕಾರ್ತಿಕ್ ವೈದ್ಯನಾಥನ್ ಕಟ್ಟಿದ ವರ್ಣಂ ಸಂಸ್ಥೆ ಗೂಬೆ, ಆನೆ, ಹಕ್ಕಿಗಳ ದುಂಡನೆಯ ರೂಪಗಳನ್ನು ಅಡುಗೆಮನೆ, ಊಟದ ಮೇಜು, ದೀಪಗಳವರೆಗೂ ತಂದಿತು.

ಇವರೆಲ್ಲರ ಕೆಲಸದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪ್ರಚಾರಕ್ಕೆ ಕೈಹಾಕುವ ಮೊದಲು ಅವರು ಸರಕನ್ನೇ ಹೊಸದಾಗಿ ಯೋಚಿಸಿದರು. ಲೇತ್ ದುಂಡಾದದ್ದನ್ನು ಮಾತ್ರ ಮಾಡಬಲ್ಲದು. ಆ ಮಿತಿಯನ್ನೇ ಶೈಲಿಯಾಗಿಸಿಕೊಂಡರು. ಹಾಗಾಗಿ ಚಿಕ್ಕ ಪರದೆಯಲ್ಲೂ ಆ ವಸ್ತುಗಳು ದೂರದಿಂದಲೇ ಗುರುತು ಸಿಗುತ್ತವೆ. ಕೆಟ್ಟ ಸರಕಿಗೆ ಚೆಂದದ ವೆಬ್‌ಸೈಟ್ ಕಟ್ಟಿದರೆ ಒಮ್ಮೆ ಮಾರಾಟವಾದೀತು. ಎರಡನೇ ಸಲಕ್ಕೆ ಬೊಂಬೆಯೇ ಮಾತಾಡಬೇಕು.

ಸರ್ಕಾರದ ಬೆಳಕೂ ಈ ಊರಿನ ಮೇಲೆ ಬಿದ್ದಿದೆ. 2015ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರ ಚನ್ನಪಟ್ಟಣದ ಬೊಂಬೆಗಳದ್ದೇ ಆಗಿತ್ತು. 2020ರ ಆಗಸ್ಟ್‌ನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಊರಿನ ಹೆಸರೆತ್ತಿದರು. 2021ರ ಫೆಬ್ರುವರಿ 27ರಂದು ಆರಂಭವಾದ ಇಂಡಿಯಾ ಟಾಯ್ ಫೇರ್ ಇಡಿಯಾಗಿ ಆನ್‌ಲೈನಿನಲ್ಲೇ ನಡೆಯಿತು. ದೇಶದ ಸಾವಿರಕ್ಕೂ ಹೆಚ್ಚು ತಯಾರಕರು ವರ್ಚುವಲ್ ಮಳಿಗೆ ತೆರೆದರು. ಚನ್ನಪಟ್ಟಣದ ಕುಶಲಕರ್ಮಿಗಳು ಪ್ರಧಾನಿಯೊಡನೆ ವಿಡಿಯೊದಲ್ಲಿ ಮಾತಾಡಿದರು. ಕೋವಿಡ್ ಕಾಲಕ್ಕೆ ಅದು ಧೈರ್ಯದ ಪ್ರಯೋಗ. ಆದರೂ ಮೇಳದ ಮೈದಾನವನ್ನೇ ಪರದೆಯ ಮೇಲೆ ಚಿತ್ರಿಸಿ, ಮಳಿಗೆಯಿಂದ ಮಳಿಗೆಗೆ ಕ್ಲಿಕ್ಕಿಸುತ್ತ ಓಡಾಡಿಸುವುದರಿಂದ ಬೊಂಬೆ ಗಿರಾಕಿಗೆ ಹತ್ತಿರವಾಗುವುದಿಲ್ಲ. ನಿಧಾನವಾಗಿ ತಿರುಗುವ ಲೇತ್ ಮುಂದಿನ ಒಂದು ವಿಡಿಯೊ ಕರೆ ಅದಕ್ಕಿಂತ ಹೆಚ್ಚು ಹೇಳುತ್ತದೆ.

ಸದ್ದಿಲ್ಲದೆ ನಡೆದ ಇನ್ನೊಂದು ಕೆಲಸಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಐಐಟಿ ಬಾಂಬೆಯ ವಿನ್ಯಾಸ ಶಾಲೆ ಇತರ ಸಂಸ್ಥೆಗಳೊಡನೆ ಕಟ್ಟಿದ ಡಿ'ಸೋರ್ಸ್ ಎಂಬ ಮುಕ್ತ ಜಾಲತಾಣದಲ್ಲಿ ಚನ್ನಪಟ್ಟಣದ ಬೊಂಬೆಯ ತಯಾರಿ ಹಂತಹಂತವಾಗಿ, ಚಿತ್ರಗಳ ಸಮೇತ ದಾಖಲಾಗಿದೆ. ಅದು ಏನನ್ನೂ ಮಾರುವುದಿಲ್ಲ. ಆದರೆ ಕಸುಬಿನ ಬಗ್ಗೆ ತಿಳಿಯಬಯಸುವ ವಿದ್ಯಾರ್ಥಿಗೆ, ಕೊಳ್ಳುವವರಿಗೆ, ಇನ್ನೊಂದು ಊರಿನ ಕುಶಲಿಗೆ ಅದು ತೆರೆದ ಪುಸ್ತಕ.

ಅಸಲಿ ಯಾವುದು ಎಂದು ಹೇಳುವವರಾರು?

ಚನ್ನಪಟ್ಟಣದ ಆಟಿಕೆ ಮತ್ತು ಬೊಂಬೆಗಳಿಗೆ 2006ರಿಂದಲೇ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಇದೆ. ಆ ಹೆಸರಿನಲ್ಲಿ ಬೇರೆಲ್ಲೋ ಮಾಡಿದ ಸರಕನ್ನು ಮಾರುವಂತಿಲ್ಲ ಎಂಬುದು ಕಾನೂನು. 2018ರಲ್ಲಿ ಕೇಂದ್ರ ಸರ್ಕಾರ ಎಲ್ಲ ಜಿಐ ವಸ್ತುಗಳಿಗೂ ಒಂದೇ ಲಾಂಛನ ಕೊಟ್ಟಿತು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ, ನೋಂದಾಯಿತ ಕುಶಲಕರ್ಮಿಗಳ ಸರಕಿಗೂ ಜಿಐ ಆಟಿಕೆಗಳಿಗೂ ವಿನಾಯಿತಿ ಸಿಕ್ಕಿತು. ಸಣ್ಣ ಲೇತ್ ಮನೆಗಳು ಪ್ರಯೋಗಾಲಯದ ಖರ್ಚಿನಿಂದ ಪಾರಾದವು.

ಕಾಗದದ ಮೇಲೆ ಇವೆಲ್ಲ ಸರಿ. ಕೊಳ್ಳುವ ತಾಯಿಗೆ ಪರದೆಯಲ್ಲಿ ಕಾಣುವುದು ಏನು? ನುಣ್ಣನೆಯ ಮರ, ಹೊಳೆವ ಬಣ್ಣ, ಕೆಳಗೆ ‘ಚನ್ನಪಟ್ಟಣ’ ಎಂಬ ಪದ. ಯಂತ್ರದಲ್ಲಿ ಕಡೆದು ರಾಸಾಯನಿಕ ಬಣ್ಣ ಸಿಂಪಡಿಸಿದ ಬೊಂಬೆಯೂ ಚಿತ್ರದಲ್ಲಿ ಹಾಗೆಯೇ ಕಾಣುತ್ತದೆ. ಬಾಯಿಗಿಟ್ಟುಕೊಳ್ಳುವ ಮಗುವಿನ ಮಟ್ಟಿಗೆ ಆ ವ್ಯತ್ಯಾಸ ಸಣ್ಣದಲ್ಲ.

ಇದಕ್ಕೆ ಉತ್ತರ ಪಕ್ಕದ ರೇಷ್ಮೆಯವರ ಬಳಿ ಇದೆ. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ಸಿಲ್ಕ್ ಮಾರ್ಕ್ ಚೀಟಿಗೆ ತನ್ನದೇ ಸಂಖ್ಯೆ, ಹಾಲೋಗ್ರಾಂ ಇವೆ. ಈಗ ಕ್ಯೂಆರ್ ಕೋಡ್ ಕೂಡ ಬಂದಿದೆ. ಫೋನು ಹಿಡಿದರೆ ಚೀಟಿಯ ನಿಜ ತಿಳಿಯುತ್ತದೆ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಮೈಸೂರು ಸಿಲ್ಕ್ ಸೀರೆಯ ಅಂಚಿನಲ್ಲಿ ಸಂಕೇತ ಸಂಖ್ಯೆಯನ್ನು ಕಸೂತಿಯಲ್ಲೇ ಹೊಲಿದಿರುತ್ತಾರೆ. ಆ ನಿಗಮದ ಸ್ಪನ್ ಸಿಲ್ಕ್ ಗಿರಣಿ ಇರುವುದು ಚನ್ನಪಟ್ಟಣದಲ್ಲೇ. ಒಂದೇ ಊರಿನಲ್ಲಿ ನೂಲಿಗೆ ಗುರುತಿನ ವ್ಯವಸ್ಥೆ ಗಟ್ಟಿಯಾಗಿದೆ, ಬೊಂಬೆಗೆ ಆಗಿಲ್ಲ.

ಜಪಾನಿನಲ್ಲೂ ಲೇತ್‌ನಲ್ಲಿ ಕಡೆದ ಬೊಂಬೆಗಳಿವೆ, ಕೊಕೇಶಿ ಎನ್ನುತ್ತಾರೆ. ಕೈಕಾಲಿಲ್ಲದ, ದುಂಡುತಲೆಯ ಸರಳ ಬೊಂಬೆ. ಅದರ ತಳದಲ್ಲಿ ಮಾಡಿದಾತನ ಹೆಸರು ಬರೆದಿರುತ್ತದೆ. ಸಂಗ್ರಾಹಕರು ಬೊಂಬೆಯನ್ನು ಬೋರಲು ಹಾಕಿಯೇ ಬೆಲೆ ಮಾತಾಡುತ್ತಾರೆ. ಚನ್ನಪಟ್ಟಣದ ಬೊಂಬೆಯ ತಳಕ್ಕೂ ಅಂಥ ಗುರುತು ಬರಬೇಕು. ಅಲ್ಲಿಂದ ತೆರೆಯುವ ಪುಟದಲ್ಲಿ ಯಾವ ಮರ, ಯಾವ ಬಣ್ಣ, ಕಡೆದವರು ಯಾರು, ಗುಂಡಿ ಕಳಚಿದರೆ ಯಾರನ್ನು ಕೇಳಬೇಕು ಎಂಬುದು ಕನ್ನಡದಲ್ಲೂ ಇರಬೇಕು. ಕುಶಲಕರ್ಮಿಯ ಮುಖವನ್ನು ಜಾಹೀರಾತಿನ ಅಲಂಕಾರಕ್ಕೆ ಬಳಸುವುದು ಈಗ ವಾಡಿಕೆಯಾಗಿದೆ. ಆತನ ಹೆಸರಿಗೆ ವ್ಯಾಪಾರದಲ್ಲಿ ಬೆಲೆ ಬರುವಂತೆ ಮಾಡುವುದು ಬೇರೆಯೇ ಕೆಲಸ, ಕಷ್ಟದ ಕೆಲಸ.

ಬೆಟ್ಟಕ್ಕೆ ಜಾಹೀರಾತು ಬೇಕೇ?

ರಾಮನಗರಕ್ಕೆ ಸಿಕ್ಕಷ್ಟು ಪುಕ್ಕಟೆ ಪ್ರಚಾರ ಕರ್ನಾಟಕದ ಬೇರೆ ಊರುಗಳಿಗೆ ಸಿಕ್ಕಿರುವುದು ಅಪರೂಪ. 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ಯ ರಾಮಗಢ ಇಲ್ಲಿನ ಬಂಡೆಗಳ ನಡುವೆಯೇ ಎದ್ದದ್ದು. ಮಾಗಡಿಯ ಸಾವನದುರ್ಗದಲ್ಲಿ ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಗವಿಗಳ ದೃಶ್ಯ ತೆಗೆದರು. ಅರ್ಧ ಶತಮಾನದ ಬಳಿಕವೂ ಗಬ್ಬರ್ ಕೂತ ಬಂಡೆ ಯಾವುದೆಂದು ಕೇಳಿಕೊಂಡು ಜನ ಬರುತ್ತಾರೆ. ಜಿಲ್ಲೆಗೆ 2025ರ ಮೇ ತಿಂಗಳಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರಿಡಲು ಸಚಿವ ಸಂಪುಟ ಒಪ್ಪಿದರೂ, ಬಂಡೆ ಹುಡುಕಿ ಬರುವವರು ಫೋನಿನಲ್ಲಿ ಒತ್ತುವುದು ರಾಮನಗರವೆಂದೇ.

ಆದರೆ ಆ ಬಂಡೆಗಳಿರುವ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಧಾಮ. ಕಡಿದಾದ ಬಂಡೆಯಂಚಿನಲ್ಲಿ ಉದ್ದಕೊಕ್ಕಿನ ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಗದ್ದಲ, ಡ್ರೋನು ಅದಕ್ಕೆ ಅಪಾಯ. ಕನಕಪುರದ ಕಡೆಯ ಚುಂಚಿ ಜಲಪಾತ, ಮೇಕೆದಾಟುಗಳದ್ದು ಇನ್ನೊಂದು ಕಥೆ. ಸೆಲ್ಫಿಗೆ, ಈಜಿಗೆ ಇಳಿದವರು ನೀರುಪಾಲಾದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಹೀಗಿರುವಾಗ ಎಷ್ಟು ಜನರನ್ನು ಕರೆತಂದಿತು ಎಂಬುದರಿಂದ ಪ್ರವಾಸೋದ್ಯಮದ ಪ್ರಚಾರವನ್ನು ಅಳೆಯುವುದು ತಪ್ಪು. ಜಾರುಬಂಡೆ ಎಲ್ಲಿದೆ, ಸುಳಿ ಎಲ್ಲಿದೆ, ಹದ್ದು ಗೂಡುಕಟ್ಟುವ ತಿಂಗಳಲ್ಲಿ ಯಾವ ದಾರಿಗೆ ಹೋಗಬಾರದು ಎಂದು ಅದೇ ಪರದೆಯಲ್ಲಿ, ಅಷ್ಟೇ ಎದ್ದುಕಾಣುವಂತೆ ಹೇಳದ ನಕ್ಷೆ ಅರ್ಧ ನಕ್ಷೆ.

ಯಾರೂ ಯೋಜಿಸದೆ ಹಬ್ಬಿದ ಚಿತ್ರವೊಂದು ಈ ಸೀಮೆಯದೇ. 2019ರ ಮಾರ್ಚ್ 16ರಂದು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದ ಸಾಲುಮರದ ತಿಮ್ಮಕ್ಕ, ಪ್ರಶಸ್ತಿ ಕೊಟ್ಟ ರಾಷ್ಟ್ರಪತಿ ರಾಮನಾಥ ಕೋವಿಂದರ ತಲೆ ಮುಟ್ಟಿ ಹರಸಿದರು. ಆ ಚಿತ್ರ ಆ ದಿನವೇ ದೇಶದ ಫೋನುಗಳನ್ನೆಲ್ಲ ಸುತ್ತಿತು. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ನಡುವೆ ಅವರು ಗಂಡನೊಡನೆ ನೀರು ಹೊತ್ತು ಬೆಳೆಸಿದ ಆಲದ ಮರಗಳು 385 ಎಂದು ಲೆಕ್ಕ. ಅದೇ ವರ್ಷ ರಸ್ತೆ ಅಗಲೀಕರಣಕ್ಕೆ ಆ ಸಾಲು ಬಲಿಯಾಗುವ ಭೀತಿ ಎದುರಾದಾಗ, ಅಜ್ಜಿಯ ಮನವಿಯನ್ನು ಸರ್ಕಾರ ಕಡೆಗಣಿಸಲಾಗಲಿಲ್ಲ. ಬೇರೆ ದಾರಿ ನೋಡುವಂತೆ ಮುಖ್ಯಮಂತ್ರಿ ಅಧಿಕಾರಿಗಳಿಗೆ ಸೂಚಿಸಿದರು.

ಕೂಗು ನಿಂತ ಹರಾಜು

ಈ ನಾಲ್ಕು ಊರುಗಳಲ್ಲಿ ನಿಜಕ್ಕೂ ದೊಡ್ಡ ಇಂಟರಾಕ್ಟಿವ್ ಡಿಸೈನ್ ಯೋಜನೆ ಯಾವುದೆಂದು ಕೇಳಿದರೆ ಬೊಂಬೆಯ ವೆಬ್‌ಸೈಟನ್ನಲ್ಲ, ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯನ್ನು ತೋರಿಸಬೇಕು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಈ ಮಾರುಕಟ್ಟೆಗೆ ಸುತ್ತಲಿನ ತಾಲ್ಲೂಕುಗಳಿಂದಷ್ಟೇ ಅಲ್ಲ, ಆಂಧ್ರ, ತಮಿಳುನಾಡುಗಳಿಂದಲೂ ಗೂಡು ಬರುತ್ತದೆ.

ಬೆಳಗ್ಗೆ ಒಳಹೊಕ್ಕರೆ ಜಾಲರಿಗಳ ತುಂಬ ಗೂಡು. ಒಂದು ಸಾಲಿನಲ್ಲಿ ಮಿಶ್ರತಳಿಯ ಹಳದಿ, ಇನ್ನೊಂದರಲ್ಲಿ ಬೈವೋಲ್ಟೈನ್ ತಳಿಯ ಬಿಳಿ. ಪ್ರತಿ ಲಾಟಿಗೂ ಸಂಖ್ಯೆ. ಗೂಡಿನಿಂದ ನೂಲು ತೆಗೆಯುವ ರೀಲರ್ ಬರುತ್ತಾನೆ, ಬೊಗಸೆ ತುಂಬ ಗೂಡೆತ್ತುತ್ತಾನೆ. ಬೆರಳಲ್ಲಿ ಒತ್ತಿ ಗಟ್ಟಿಯೇ ಎಂದು ನೋಡುತ್ತಾನೆ. ಕಿವಿಯ ಬಳಿ ಅಲುಗಿಸಿ ಒಳಗಿನ ಕೋಶದ ಸದ್ದು ಕೇಳುತ್ತಾನೆ. ಜೋಡಿಗೂಡು, ಕಲೆಗೂಡು ಎಷ್ಟಿವೆ ಎಂದು ಕಣ್ಣಲ್ಲೇ ಅಂದಾಜು ಮಾಡುತ್ತಾನೆ. ಆಮೇಲೆ ಜೇಬಿನಿಂದ ಫೋನು ತೆಗೆದು ಲಾಟಿನ ಸಂಖ್ಯೆ, ಕಿಲೋಗೆ ಇಷ್ಟು ರೂಪಾಯಿ ಎಂದು ಒತ್ತುತ್ತಾನೆ. ಹಿಂದೆ ಇಲ್ಲಿ ಕಿವಿಗಡಚಿಕ್ಕುವ ಕೂಗಾಟವಿರುತ್ತಿತ್ತು. ಕಳೆದ ದಶಕದಲ್ಲಿ ಇ-ಹರಾಜು ಬಂದ ಮೇಲೆ ಬೆಲೆ ಏರುವುದೂ ನಿಲ್ಲುವುದೂ ಪರದೆಯ ಮೇಲೆಯೇ. ತೂಕವೂ ವಿದ್ಯುನ್ಮಾನ ತಕ್ಕಡಿಯಲ್ಲಿ.

ಇದು ಯಾಕೆ ಮುಖ್ಯವೆಂದು ತಿಳಿಯಲು ಗೂಡಿನ ಸ್ವಭಾವ ತಿಳಿಯಬೇಕು. ಹುಳು ಗೂಡು ಕಟ್ಟಿದ ಐದಾರು ದಿನಕ್ಕೆ ಅದನ್ನು ಚಂದ್ರಿಕೆಯಿಂದ, ಅಂದರೆ ಹುಳು ಗೂಡು ಕಟ್ಟುವ ತಟ್ಟೆಯಿಂದ, ಬಿಡಿಸುತ್ತಾರೆ. ಇನ್ನು ಕೆಲವೇ ದಿನದಲ್ಲಿ ಚಿಟ್ಟೆ ಗೂಡು ಸೀಳಿ ಹೊರಬರುತ್ತದೆ, ಎಳೆ ತುಂಡಾಗುತ್ತದೆ, ಗೂಡು ರೀಲಿಂಗಿಗೆ ಬಾರದು. ರಾಗಿಯಂತೆ ಕಣಜದಲ್ಲಿಟ್ಟು ಬೆಲೆ ಬರಲೆಂದು ಕಾಯುವ ಬೆಳೆ ಇದಲ್ಲ. ಆದ್ದರಿಂದಲೇ ರೈತನ ಕೈ ಎಂದಿಗೂ ಕೆಳಗೆ. 1959ರ ಕಾಯ್ದೆ ಗೂಡಿನ ವ್ಯಾಪಾರವನ್ನು ಸರ್ಕಾರಿ ಮಾರುಕಟ್ಟೆಯ ಹರಾಜಿನೊಳಗೆ ತಂದದ್ದು ಖಾಸಗಿ ದಲ್ಲಾಳಿಯ ಹಿಡಿತ ತಪ್ಪಿಸಲೆಂದೇ. ಇ-ಹರಾಜು ಆ ಕಾಯ್ದೆಯ ಆಶಯಕ್ಕೆ ಹೊಸ ಸಲಕರಣೆ. ಯಾರು ಎಷ್ಟು ಕೂಗಿದರೆಂಬುದು ದಾಖಲೆಯಾಗುತ್ತದೆ. ಚೀಟಿಯಲ್ಲಿ ಅಂಕಿ ತಿದ್ದುವ ದಾರಿ ಮುಚ್ಚುತ್ತದೆ. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ರೈತನಿಗಿದೆ. ಈ ವ್ಯವಸ್ಥೆಯ ಎಲ್ಲ ಗುಂಡಿಗಳಲ್ಲಿ ಬೆಲೆಬಾಳುವುದು ಈ ನಿರಾಕರಣೆಯ ಗುಂಡಿಯೇ.

ಕಳೆದುಹೋದದ್ದೂ ಇದೆ. ಕೂಗುವ ಹರಾಜಿನಲ್ಲಿ ರೈತ ರೀಲರ್‌ಗಳ ಮುಖ ನೋಡುತ್ತಿದ್ದ. ಯಾರಿಗೆ ಗೂಡು ತುರ್ತಾಗಿ ಬೇಕು, ಯಾರು ಯಾರ ಕಡೆ ಕಣ್ಣು ಹಾಯಿಸಿ ಸುಮ್ಮನಾದರು ಎಂದು ಅಳೆಯುತ್ತಿದ್ದ. ಮೌನದ ಹರಾಜಿನಲ್ಲಿ ಆ ಓದು ಇಲ್ಲ. ಅವನಿಗೆ ಸಿಗುವುದು ಒಂದು ಅಂಕಿ. ಪಕ್ಕದ ಲಾಟಿಗೆ ನೂರು ರೂಪಾಯಿ ಹೆಚ್ಚು ಬಿದ್ದು ತನ್ನದಕ್ಕೆ ಯಾಕೆ ಬೀಳಲಿಲ್ಲ ಎಂಬುದು ಆ ಅಂಕಿಯೊಳಗಿಲ್ಲ. ಕಾರಣ ರೀಲರನ ಬೆರಳಿಗೂ ಕಿವಿಗೂ ಗೊತ್ತು. ಫೋನಿಗೆ ಅದನ್ನು ಕೇಳಲು ಯಾರೂ ಕಲಿಸಿಲ್ಲ.

ಈ ಹರಾಜಿನ ವಿನ್ಯಾಸ ಇನ್ನೊಂದು ಹೆಜ್ಜೆ ಇಡಬಹುದಾದದ್ದು ಇಲ್ಲೇ. ಬೆಲೆ ಒತ್ತುವಾಗ ರೀಲರ್ ‘ಗೂಡು ತೆಳು’, ‘ಕಲೆ ಹೆಚ್ಚು’, ‘ಜೋಡಿಗೂಡು’, ‘ಒಳಗೆ ಹುಳು ಕರಗಿದೆ’ ಎಂಬ ನಾಲ್ಕು ಚಿತ್ರಗಳಲ್ಲಿ ಒಂದನ್ನು ಒತ್ತಿದರೆ ಸಾಕು, ರೈತನ ಚೀಟಿಯಲ್ಲಿ ಅದೂ ಅಚ್ಚಾಗಬಹುದು. ಮೊಟ್ಟೆಯೊಡೆದ ಹುಳು ಹಣ್ಣಾಗಿ ಗೂಡಿಗೇರಲು ಹೆಚ್ಚುಕಡಿಮೆ ಒಂದು ತಿಂಗಳು. ಕಲೆ ಹೆಚ್ಚೆಂದು ಬಂದ ಚೀಟಿ ಹಿಡಿದು ಕನಕಪುರದ ರೈತ ಊರಿಗೆ ಹೋದರೆ, ಮುಂದಿನ ಬೆಳೆ ಚಂದ್ರಿಕೆಗೇರುವ ಮೊದಲು ಹುಳುಮನೆಯ ಗಾಳಿ, ತೇವ, ಚಂದ್ರಿಕೆಯಲ್ಲಿ ಹುಳುಗಳ ದಟ್ಟಣೆಯನ್ನು ಸರಿಪಡಿಸಿಕೊಳ್ಳಲು ಅವನಿಗೆ ಹೊತ್ತಿರುತ್ತದೆ.